ಜರ್ಮನಿಯ ಆಖೆನ್‌ನಲ್ಲಿರುವ ಹುಡುಗಿಗೆ

ಪ್ರೀತಿಯ ಮಗಳೇ,

ಕತೆ ಓದಿದೆ. ಜೊತೆಗೆ ಕಳಿಸಿದ ಕಾಗದವನ್ನೂ ಓದಿದೆ. ಕಾಗದವೇ ಚೆನ್ನಾಗಿದೆ.

ಕತೆಯಲ್ಲಿ ತೀರ್ಥಹಳ್ಳಿಯ ಮಳೆ, ಬಚ್ಚಲ ಒಲೆಯ ಹೊಗೆ, ಅಜ್ಜಿಯ ಕಷಾಯ ಎಲ್ಲ ಇವೆ. ಆಖೆನ್‌ನಲ್ಲೂ ಮಳೆ ಜಾಸ್ತಿ ಅಲ್ವಾ? ಅದರ ಒಂದು ಹನಿಯೂ ಕತೆಗೆ ಬಿದ್ದಿಲ್ಲ! ಒತ್ತಕ್ಷರದ ತಪ್ಪುಗಳನ್ನು ಯಾರಾದರೂ ತಿದ್ದುತ್ತಾರೆ, ಬಿಡು.

ಕಾಗದದಲ್ಲಿ ಒಂದು ಕಡೆ ಬರೆದು ಗೀಟು ಹಾಕಿದ್ದೀಯ. ಆದರೂ ಓದಲು ಬರುತ್ತದೆ. ಹಾಸ್ಟೆಲ್ ಪಾರ್ಟಿ ಮುಗಿದ ಮೇಲೆ ಖಾಲಿ ಬಾಟಲಿ ಆರಿಸಿ, ಸೂಪರ್‌ಮಾರ್ಕೆಟ್ಟಿನ ಮಷೀನಿಗೆ ಹಾಕಿದ್ದು. ಬಾಟಲಿ ಕೊಳ್ಳುವಾಗ ಕಟ್ಟಿದ ಠೇವಣಿ ಅಲ್ಲಿ ವಾಪಸ್ ಸಿಗುತ್ತೆ, ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್, ಬಿಯರ್ ಬಾಟಲಿಗೆ 8. ಹಿಂದೆ ಯಾರೋ ಕನ್ನಡ ಮಾತಾಡಿದ್ದು ಕೇಳಿ, ಆ ಹಣದ ಚೀಟಿ ಕೊಡುವ ಗುಂಡಿ ಒತ್ತದೇ ಹೊರಟುಬಿಟ್ಟದ್ದು. ಮಾರಾಯ್ತಿ, ಕತೆ ಇರುವುದೇ ಅಲ್ಲಿ! ಅದಕ್ಕೇ ಗೀಟು ಹಾಕುವುದಾ?

ಅಪ್ಪ ತೋಟದ ಮೇಲೆ ಸಾಲ ಎತ್ತಿ, ವೀಸಾಕ್ಕೆ ತೋರಿಸಬೇಕಾದ ಬ್ಲಾಕ್ಡ್ ಅಕೌಂಟಿಗೆ 11,904 ಯೂರೋ ಕಟ್ಟಿದ್ದಾರೆ. ಅದರಿಂದ ತಿಂಗಳಿಗೆ 992 ಮಾತ್ರ ಕೈಗೆ ಬರುತ್ತೆ, ಬಾಡಿಗೆಗೇ ಅರ್ಧ ಹೋಗುತ್ತೆ. ವೀಡಿಯೋ ಕಾಲ್‌ನಲ್ಲಿ ಅಮ್ಮನಿಗೆ ‘ಎಲ್ಲ ಆರಾಮ’ ಅನ್ನುತ್ತೀಯ. ಅದು ಸರಿ, ಅಮ್ಮನಿಗೆ ಹಾಗೇ ಹೇಳಬೇಕು. ಕತೆಯಲ್ಲೂ ಅದನ್ನೇ ಹೇಳಿದರೆ ಹೇಗೆ?

ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿ ಓದುವಾಗಲೇ ‘ಸಂಸ್ಕಾರ’ ಬರೆದರಲ್ಲ ಅಂತ ವಾದ ಹೂಡಿದ್ದೀಯ. ಹೌದು, 1965ರಲ್ಲಿ ಅಚ್ಚಾಯಿತು. ಅಗ್ರಹಾರ ನೆನೆದು ಕಣ್ಣೀರು ಹಾಕಿದರಾ ಅವರು? ಅದರ ಜೊತೆ ಜಗಳಕ್ಕೆ ಕೂತರು. ನಿನಗೆ ತೀರ್ಥಹಳ್ಳಿಯ ಜೊತೆ ಏನು ಜಗಳ ಇದೆ, ಹೇಳು ನೋಡೋಣ.

ದೆಹಲಿಯ ಮೆಸ್ಸಿನ ಮೇಲೆ ನಾನು ಬರೆದ ಕತೆಯನ್ನು ಒಬ್ಬ ಸಂಪಾದಕರು ‘ಮಣ್ಣಿನ ವಾಸನೆ ಇಲ್ಲ’ ಅಂತ ವಾಪಸ್ ಕಳಿಸಿದ್ದರು. ಆಮೇಲೆ ಕಳಿಸಿದ ಗದ್ದೆಯ ಕತೆಯನ್ನು ಹೊಗಳಿ ಹೊಗಳಿ ಹಾಕಿದರು. ಮೆಸ್ಸಿನ ಕತೆಯೇ ಒಳ್ಳೆಯದಿತ್ತು, ಈಗಲೂ ಹೇಳುತ್ತೇನೆ. ಆ ಸಿಟ್ಟು ಆರಿಲ್ಲ. ಪರದೇಶಕ್ಕೆ ಹೋದ ಮಕ್ಕಳು ಊರು ನೆನೆದು ಅತ್ತರೆ ಇಂಥವರಿಗೆ ಏನೋ ಖುಷಿ. ನಿನ್ನನ್ನೂ ಹೊಗಳುತ್ತಾರೆ, ಹುಷಾರು.

‘ಇಲ್ಲಿಗೆ ಯಾಕೆ ಬಂದೆನೋ ಗೊತ್ತಾಗ್ತಿಲ್ಲ’ ಅಂದಿದ್ದೀಯ. ಇಪ್ಪತ್ಮೂರಕ್ಕೇ ಅದು ಗೊತ್ತಾಗಬೇಕು ಅಂತ ಯಾರು ಹೇಳಿದರು? ಹಿಂದೆ ನಿಂತವರು ಏನು ಮಾತಾಡುತ್ತಿದ್ದರು, ನಿನ್ನ ಮುಖ ನೋಡಿದರಾ, ಆ ಚೀಟಿ ಸಿಕ್ಕಿದ್ದರೆ ಏನು ಕೊಳ್ಳುತ್ತಿದ್ದೆ, ಇಷ್ಟು ಬರಿ. ಯಾಕೆ ಬಂದೆ ಅನ್ನೋದು ಅದರಲ್ಲಿ ಸಿಗಬಹುದು, ಸಿಗದೇನೂ ಇರಬಹುದು.

ಪರೀಕ್ಷೆ ಮುಗಿದ ಮೇಲೆ ಕಳಿಸು, ಅವಸರ ಇಲ್ಲ. ಭಾನುವಾರ ಅಂಗಡಿ ಮುಚ್ಚಿರುತ್ತೆ, ಶನಿವಾರವೇ ಅಕ್ಕಿ ತಂದಿಟ್ಟುಕೋ.

ನಿನ್ನ,
ಮೇಷ್ಟ್ರು