ಗೆಲ್ಲಲೆಂದೇ ಓಡುತ್ತೇನೆ, ಮಗಳೇ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗಲೇ ಉತ್ತರ ಕೊಡಲು ಹೊರಟಿದ್ದರೆ ಮಾತಿಗೆ ಮಾತು ಬೆಳೆಯುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. "ಓಡಮ್ಮ, ಬೇಡ ಎನ್ನುವುದಿಲ್ಲ. ಆರೋಗ್ಯಕ್ಕೆ ಎಷ್ಟು ಬೇಕೋ ಅಷ್ಟು ಓಡು. ಅರವತ್ತು ದಾಟಿದ ಮೇಲೂ ಸ್ಪರ್ಧೆ, ಸಮಯ, ಪದಕ ಅಂತ ಯಾಕೆ ಒದ್ದಾಡಬೇಕು?" ಎಂದು ಕೇಳಿದೆಯಲ್ಲ.

ಆರೋಗ್ಯವೊಂದೇ ಗುರಿಯಾಗಿದ್ದರೆ ನಾನು ಇಷ್ಟು ಓಡಬೇಕಾಗಿಯೇ ಇರಲಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟು ಹೊತ್ತಿನ ಶ್ರಮ ನನ್ನ ಒಂದು ದೀರ್ಘ ಓಟದಲ್ಲೇ ಮುಗಿದುಹೋಗುತ್ತದೆ. ಉಳಿದದ್ದೆಲ್ಲ ಬೇರೆಯದಕ್ಕೆ. ನನಗೆ ಗೆಲ್ಲುವುದು ಇಷ್ಟ, ಅದಾಗದಿದ್ದರೆ ಸರಿಯಾದವರ ಕೈಯಲ್ಲಿ ಸರಿಯಾಗಿ ಸೋಲುವುದು ಇಷ್ಟ. ಇದನ್ನು ಒಪ್ಪಿಕೊಳ್ಳಲು ಹೆಂಗಸರಿಗೆ ಯಾಕೋ ನಾಚಿಕೆ. ನನ್ನ ವಯಸ್ಸಿನವರನ್ನು ಕೇಳಿ ನೋಡು, "ಸುಮ್ಮನೆ ಖುಷಿಗೆ ಓಡುತ್ತೇನೆ" ಎನ್ನುತ್ತಾರೆ. ಕೈಗಡಿಯಾರದ ಗುಂಡಿ ಒತ್ತುವಾಗ ಅವರ ಮುಖ ನೋಡಬೇಕು ನೀನು!

ಹಿರಿಯರ ಅಥ್ಲೆಟಿಕ್ಸ್‌ನಲ್ಲಿ 35ರಿಂದ ಮೇಲೆ ಐದೈದು ವರ್ಷಕ್ಕೊಂದು ವಯೋವರ್ಗ. 60ರಿಂದ 64 ಒಂದು, 65ರಿಂದ 69 ಇನ್ನೊಂದು, ಹೀಗೆ ಏರುತ್ತ ನೂರರವರೆಗೂ ಹೋಗುತ್ತದೆ. ಇದರ ತಮಾಷೆ ಏನೆಂದರೆ, ಲೋಕವೆಲ್ಲ ವಯಸ್ಸನ್ನು ಕಡಿಮೆ ಹೇಳಿಕೊಂಡು ಓಡಾಡುವಾಗ ನಾವು ಮುಂದಿನ ಹುಟ್ಟುಹಬ್ಬವನ್ನು ಎದುರು ನೋಡುತ್ತೇವೆ. 59ರಲ್ಲಿ ನಾನು ನನ್ನ ವರ್ಗದ ಮುದುಕಿ. 60 ತುಂಬಿದ ದಿನ ಹೊಸ ವರ್ಗದ ಹುಡುಗಿ. ಆ ವರ್ಷ ಎಷ್ಟು ಉತ್ಸಾಹದಿಂದ ಅಭ್ಯಾಸ ಮಾಡಿದೆನೆಂದರೆ ನಿನ್ನ ಅಪ್ಪ, "ಅರವತ್ತಕ್ಕೆ ಇಷ್ಟು ಸಂಭ್ರಮಪಟ್ಟವರನ್ನು ನಾನು ಬೇರೆ ಕಂಡಿಲ್ಲ" ಎಂದಿದ್ದರು.

ಕೆಲವು ಕೂಟಗಳಲ್ಲಿ ಎದೆಯ ಮೇಲಿನ ಸಂಖ್ಯೆಯ ಜೊತೆಗೆ ವಯೋವರ್ಗ ಬರೆದ ಇನ್ನೊಂದು ಚೀಟಿಯನ್ನು ಬೆನ್ನಿಗೂ ಸಿಕ್ಕಿಸಿಕೊಳ್ಳಬೇಕು. ಹಿಂದಿನಿಂದ ಬರುವವರಿಗೆ ತಮ್ಮ ಎದುರಾಳಿ ಯಾರೆಂದು ತಿಳಿಯಲಿ ಎಂದು. ಹಿಂದಿನ ಸಲದ ಹತ್ತು ಕಿಲೋಮೀಟರ್ ಓಟದಲ್ಲಿ ಎಂಟನೆಯ ಕಿಲೋಮೀಟರ್ ದಾಟಿದ ಮೇಲೆ ಅಂಥ ಒಂದು ಬೆನ್ನು ಕಂಡಿತು. ಬೆವರಿಗೆ ಚೀಟಿಯ ಒಂದು ಮೂಲೆ ಕಳಚಿ ಪಟಪಟ ಹೊಡೆದುಕೊಳ್ಳುತ್ತಿತ್ತು. 50 ಇರಬಹುದೆಂದುಕೊಂಡೆ. ಅದಾಗಿದ್ದರೆ ಹೋಗಲಿ ಎಂದು ಬಿಟ್ಟುಬಿಡುತ್ತಿದ್ದೆ. ಹತ್ತಿರ ಹೋದಾಗ 60! ಆಕೆಯ ಬಲಭುಜ ಸ್ವಲ್ಪ ಮೇಲೆದ್ದಿತ್ತು, ಎಡಗಾಲು ನೆಲಕ್ಕೆ ತಾಗುವಾಗ ಸದ್ದು ಹೆಚ್ಚು. ದಣಿದಿದ್ದಾಳೆ ಎಂದು ಲೆಕ್ಕ ಹಾಕಿದೆ. ಎದುರುಗಾಳಿ ಇತ್ತು, ಅವಳ ಮರೆಯಲ್ಲೇ ಒಂದಷ್ಟು ದೂರ ಹೋಗಿ, ಏರು ಬಂದಾಗ ದಾಟಿದೆ. ದಾಟುವಾಗ ಉಸಿರು ಕೇಳಿಸಬಾರದೆಂದು ಬಾಯಿ ಮುಚ್ಚಿಕೊಂಡಿದ್ದೆ, ಅದು ಎಲ್ಲರೂ ಮಾಡುವ ನಾಟಕ. ಕೊನೆಯ ಇನ್ನೂರು ಮೀಟರ್‌ಗೆ ಅದೇ ಎಡಗಾಲಿನ ಸದ್ದು ನನ್ನ ಪಕ್ಕದಲ್ಲಿ ಬಂತು, ಮುಂದಕ್ಕೂ ಹೋಯಿತು. ಎರಡು ಸೆಕೆಂಡಿನ ಅಂತರದಲ್ಲಿ ಸೋತೆ. ಗೆರೆಯಾಚೆ ಇಬ್ಬರೂ ಮೊಣಕಾಲು ಹಿಡಿದು ಬಗ್ಗಿ ನಿಂತಿದ್ದೆವು. ಆಕೆ ಮಾತು ಬಂದ ಕೂಡಲೇ ಕೇಳಿದ್ದು, "ನಿಮ್ಮ ಹುಟ್ಟಿದ ವರ್ಷ ಯಾವುದು?" ನಾನು ಅವರಿಗಿಂತ ಎಷ್ಟು ಚಿಕ್ಕವಳು, ಇನ್ನೆಷ್ಟು ವರ್ಷ ಒಂದೇ ವರ್ಗದಲ್ಲಿ ಸೆಣಸಬೇಕಾಗುತ್ತದೆ ಎಂದು ಅವರಿಗೆ ತಿಳಿಯಬೇಕಿತ್ತು. ಇಂಥ ಪ್ರಶ್ನೆ ಕೇಳಿಸಿಕೊಳ್ಳುವ ಗೌರವ ಈ ವಯಸ್ಸಿನಲ್ಲಿ ಬೇರೆಲ್ಲಿ ಸಿಗುತ್ತದೆ ಹೇಳು. ರಸ್ತೆಬದಿಯಲ್ಲಿ ನಿಂತು "ಅಜ್ಜಿ ಸೂಪರ್, ನೀವೇ ನಮಗೆ ಸ್ಫೂರ್ತಿ" ಎಂದು ಚಪ್ಪಾಳೆ ತಟ್ಟುವವರಿಗಿಂತ ನನ್ನನ್ನು ಸೋಲಿಸಲು ಲೆಕ್ಕ ಹಾಕುವವರು ನನಗೆ ಹೆಚ್ಚು ಬೇಕಾದವರು.

ಆದರೆ "ವಯಸ್ಸು ಬರೀ ಒಂದು ಸಂಖ್ಯೆ" ಎನ್ನುವವರ ಸಾಲಿಗೆ ನನ್ನನ್ನು ಸೇರಿಸಬೇಡ. ಆ ಮಾತನ್ನು ಟೀ ಶರ್ಟಿನ ಮೇಲೆ ಹಾಕಿಕೊಂಡವರೆಲ್ಲ ಸಾಮಾನ್ಯವಾಗಿ ನಲವತ್ತರ ಒಳಗಿನವರು. ವಯಸ್ಸು ಎಂದರೆ ಹಿಮ್ಮಡಿಯ ಮೇಲಿನ ಆ ದಪ್ಪ ಸ್ನಾಯುರಜ್ಜು, ಅಕಿಲಿಸ್. ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟ ಕೂಡಲೇ ಅದು ತನ್ನ ಅಭಿಪ್ರಾಯ ತಿಳಿಸುತ್ತದೆ. ದೇಹ ಒಂದು ನಿಮಿಷದಲ್ಲಿ ಬಳಸಿಕೊಳ್ಳಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ, ಅಭ್ಯಾಸವಿಲ್ಲದವರಲ್ಲಿ ಮೂವತ್ತರ ನಂತರ ಹತ್ತು ವರ್ಷಕ್ಕೆ ಸುಮಾರು ಶೇಕಡಾ 10ರಷ್ಟು ಇಳಿಯುತ್ತದೆ. ಬಿರುಸಿನ ಅಭ್ಯಾಸ ಬಿಡದವರಲ್ಲಿ ಇಳಿತ ಅದರ ಅರ್ಧದಷ್ಟಕ್ಕೆ ತಗ್ಗಬಹುದು, ನಿಲ್ಲುವುದಂತೂ ಇಲ್ಲ. ಸ್ನಾಯುಗಳಲ್ಲಿ ಮೊದಲು ಸೊರಗುವುದು ಚುರುಕು ಎಳೆಗಳು, ಅಂದರೆ ಜಿಗಿಯಲು, ಕೊನೆಯ ಇನ್ನೂರು ಮೀಟರ್ ನುಗ್ಗಲು ಬೇಕಾದವು. ನನ್ನ ಗಡಿಯಾರದ ಲೆಕ್ಕ ತೆಗೆದು ನೋಡಿದರೆ ನಿಮಿಷಕ್ಕೆ ಇಡುವ ಹೆಜ್ಜೆಗಳ ಸಂಖ್ಯೆ ಹೆಚ್ಚುಕಡಿಮೆ ಮೊದಲಿನಷ್ಟೇ ಇದೆ, ಒಂದೊಂದು ಹೆಜ್ಜೆಯ ಉದ್ದ ಕುಗ್ಗಿದೆ. ಮೀನಖಂಡದ ಬಲ ಹೋದದ್ದರ ಗುರುತು ಅದು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಮೂಳೆ ಸವೆಯುವುದೂ ಸೇರಿಕೊಂಡಿತು. ಇವೆಲ್ಲ ಗೊತ್ತಿದ್ದೇ ನಾನು ಕೆಲಸ ಮಾಡುತ್ತಿರುವುದು.

ಹಾಗಾಗಿ ಈಗಿನ ಅಭ್ಯಾಸ ನಲವತ್ತರದ್ದರಂತೆ ಇಲ್ಲ. ನಿನ್ನ ವಯಸ್ಸಿನವರು ಒಂದು ದಿನ ಟ್ರ್ಯಾಕ್‌ನಲ್ಲಿ ಬಿರುಸಾಗಿ ಓಡಿ ಮಾರನೆಯ ದಿನ ಹರಟೆ ಹೊಡೆಯುತ್ತ ಹದಿನೈದು ಕಿಲೋಮೀಟರ್ ಹೋಗಬಲ್ಲರು. ನನಗೆ ಒಂದು ಕಠಿಣ ದಿನಕ್ಕೆ ಎರಡು ಹಗುರ ದಿನ ಬೇಕು, ದೀರ್ಘ ಓಟದ ನಂತರವೂ ಅಷ್ಟೇ. ಇದು ಏಳು ದಿನದ ವಾರಕ್ಕೆ ಹೊಂದುವುದಿಲ್ಲ. ಆದ್ದರಿಂದ ನನ್ನ ವಾರಕ್ಕೆ ಒಂಬತ್ತು ದಿನ. ನೀನು "ಭಾನುವಾರ ಬಾ" ಎಂದಾಗ ನಾನು ಯಾಕೆ ಲೆಕ್ಕ ಹಾಕುತ್ತೇನೆಂದು ಈಗ ಗೊತ್ತಾಗಿರಬೇಕು.

ಕಠಿಣ ದಿನವೆಂದರೆ 800 ಮೀಟರ್‌ನ ಕೆಲವು ಸುತ್ತು, ನಡುನಡುವೆ ನಿಧಾನ ಓಟ. ಐದನೆಯದು ಮುಗಿದಾಗ ಇನ್ನೊಂದು ಓಡಬಲ್ಲೆ ಅನ್ನಿಸುತ್ತದೆ. ಆಗಲೇ ಶೂಗಳ ಲೇಸು ಬಿಚ್ಚುತ್ತೇನೆ. ಹಗುರ ದಿನ ನಿಜಕ್ಕೂ ಹಗುರವಾಗಿರಬೇಕು. ಇಡೀ ವಾಕ್ಯ ಆಡಲು ಬರುವಷ್ಟು ನಿಧಾನ. ಇದು ನನಗೆ ಅತ್ಯಂತ ಕಷ್ಟದ ಭಾಗ, ಏಕೆಂದರೆ ಆ ವೇಗದಲ್ಲಿ ಎಲ್ಲರೂ ನನ್ನನ್ನು ದಾಟಿ ಹೋಗುತ್ತಾರೆ. ಎರಡು ಸಲ ಭಾರ ಎತ್ತುವುದು, ಅದೂ ಸಣ್ಣ ಗುಲಾಬಿ ಡಂಬೆಲ್ಲುಗಳಲ್ಲ, ಆರೆಂಟು ಸಲ ಎತ್ತಿದರೆ ಸಾಕಾಗುವಷ್ಟು ಭಾರ. ಚುರುಕು ಎಳೆಗಳಿಗೂ ಮೂಳೆಗೂ ಅದು ಬೇಕು. ಹಗುರ ಓಟದ ಕೊನೆಯಲ್ಲಿ ಇಪ್ಪತ್ತು ಸೆಕೆಂಡಿನ ನಾಲ್ಕೈದು ಚುರುಕು ಓಟ, ವೇಗ ಎಂದರೇನೆಂದು ಕಾಲಿಗೆ ಮರೆಯದಿರಲಿ ಎಂದು.

ಮೆಟ್ಟಿಲ ಮೇಲೆ ನಾನು ಗೋಡೆ ಹಿಡಿದು ನಿಂತು ಏಳುವುದು ಇಳಿಯುವುದು ಮಾಡುತ್ತಿರುತ್ತೇನಲ್ಲ, ನೀನು ನಗುತ್ತಿದ್ದೆ. ಅದು ಸ್ವೀಡನ್ನಿನ ವೈದ್ಯ ಹಾಕನ್ ಆಲ್ಫ್ರೆಡ್ಸನ್ ಮತ್ತು ಸಂಗಡಿಗರು 1998ರಲ್ಲಿ ಅಕಿಲಿಸ್ ನೋವಿಗೆಂದು ಪ್ರಕಟಿಸಿದ ಕ್ರಮ. ಮುಂಗಾಲು ಮಾತ್ರ ಮೆಟ್ಟಿಲ ಅಂಚಿನಲ್ಲಿ. ಎರಡೂ ಕಾಲಿನ ಬಲದಿಂದ ಮೇಲೇಳಬೇಕು, ಆಮೇಲೆ ಭಾರವನ್ನೆಲ್ಲ ನೋವಿರುವ ಕಾಲಿಗೆ ಹೊರಿಸಿ, ಹಿಮ್ಮಡಿಯನ್ನು ಮೆಟ್ಟಿಲಿನ ಮಟ್ಟಕ್ಕಿಂತ ಕೆಳಕ್ಕೆ ನಿಧಾನವಾಗಿ ಇಳಿಸಬೇಕು. ಮಂಡಿ ನೆಟ್ಟಗಿಟ್ಟು ಹದಿನೈದರ ಮೂರು ಸುತ್ತು, ಮಂಡಿ ಸ್ವಲ್ಪ ಬಗ್ಗಿಸಿ ಮತ್ತೆ ಮೂರು. ದಿನಕ್ಕೆರಡು ಸಲದಂತೆ 12 ವಾರ. ಇಳಿಸುವುದರಲ್ಲೇ ಎಲ್ಲ ಇರುವುದು, ಅವಸರ ಮಾಡಿದರೆ ಫಲವಿಲ್ಲ. ನನಗೆ ಒಗ್ಗಿತು. ಎಲ್ಲರಿಗೂ ಒಗ್ಗುತ್ತದೆಂದಲ್ಲ, ನಮ್ಮ ಗುಂಪಿನ ಒಬ್ಬರಿಗೆ ಅಕಿಲಿಸ್ ಹಿಮ್ಮಡಿಯ ಮೂಳೆಗೆ ಅಂಟಿಕೊಂಡ ಜಾಗದಲ್ಲೇ ನೋವಿತ್ತು, ಹಾಗೆ ಕೆಳಕ್ಕೆ ಇಳಿಸಿದಾಗ ಅದು ಹೆಚ್ಚಾಯಿತು.

ಕೆನಡಾದ ಎಡ್ ವಿಟ್ಲಾಕ್ 2003ರಲ್ಲಿ, 72ನೆಯ ವಯಸ್ಸಿನಲ್ಲಿ, ಮ್ಯಾರಥಾನನ್ನು ಮೂರು ಗಂಟೆಯೊಳಗೆ ಓಡಿದರು. ಮರುವರ್ಷ 2 ಗಂಟೆ 54 ನಿಮಿಷ 48 ಸೆಕೆಂಡು. ಮನೆ ಹತ್ತಿರದ ಸ್ಮಶಾನದಲ್ಲಿ ದಿನಕ್ಕೆ ಮೂರು ಗಂಟೆಯವರೆಗೂ ನಿಧಾನವಾಗಿ ಸುತ್ತು ಹಾಕುವುದೇ ಅವರ ಅಭ್ಯಾಸವಾಗಿತ್ತು. ಅವರನ್ನು ನೋಡಿ ಅದನ್ನೇ ಮಾಡಲು ಹೋಗಿ ಕಾಲು ಮುರಿದುಕೊಂಡವರುಂಟು. ನನಗೆ ಹೆಚ್ಚು ಹತ್ತಿರದವಳು ಅನ್ನಿಸುವುದು ಜಪಾನಿನ ಮಾರಿಕೊ ಯುಗೆಟಾ. ಪ್ರೌಢಶಾಲೆಯ ವ್ಯಾಯಾಮ ಶಿಕ್ಷಕಿ, ನಾಲ್ಕು ಮಕ್ಕಳ ತಾಯಿ. ಇಪ್ಪತ್ತರ ಹರೆಯದಲ್ಲಿ ಮೂರು ಗಂಟೆಯ ಕನಸು ಕಂಡು, ಅದನ್ನು ನಿಜ ಮಾಡಿಕೊಂಡದ್ದು ಐವತ್ತರ ಕೊನೆಯ ವರ್ಷಗಳಲ್ಲಿ. 2019ರಲ್ಲಿ, 61ರ ವಯಸ್ಸಿನಲ್ಲಿ, 2 ಗಂಟೆ 59 ನಿಮಿಷ 15 ಸೆಕೆಂಡು ಓಡಿ, ಅರವತ್ತು ದಾಟಿದ ಮೇಲೆ ಮೂರು ಗಂಟೆಯೊಳಗೆ ಮ್ಯಾರಥಾನ್ ಮುಗಿಸಿದ ಮೊದಲ ಮಹಿಳೆಯಾದಳು. ಆಕೆಗೂ ಯಾರಾದರೂ "ಆರೋಗ್ಯಕ್ಕೆ ಎಷ್ಟು ಬೇಕೋ ಅಷ್ಟು" ಎಂದು ಹೇಳಿಯೇ ಇರುತ್ತಾರೆ.

ಆ ಮಾತಿಗೆ ದೊಡ್ಡ ಇತಿಹಾಸವಿದೆ, ಗೊತ್ತೇ? 1928ರ ಆ್ಯಮ್‌ಸ್ಟರ್ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಮೊದಲ ಸಲ 800 ಮೀಟರ್ ಓಟ ಇಟ್ಟರು. ಗೆದ್ದ ಲೀನಾ ರಾಡ್ಕೆ ವಿಶ್ವದಾಖಲೆ ಮಾಡಿದಳು. ಪತ್ರಿಕೆಗಳು ಮಾತ್ರ ಹೆಂಗಸರು ಕುಸಿದು ಬಿದ್ದರೆಂದು ಇದ್ದದ್ದಕ್ಕೆ ಇಲ್ಲದ್ದನ್ನೂ ಸೇರಿಸಿ ಬರೆದವು. ಅವರ ಆರೋಗ್ಯದ ಕಾಳಜಿಯಿಂದ ಆ ಓಟವನ್ನೇ ತೆಗೆದುಹಾಕಿದರು. ಅದು ಮರಳಿ ಬಂದದ್ದು 1960ರಲ್ಲಿ. ಮಹಿಳೆಯರ ಒಲಿಂಪಿಕ್ ಮ್ಯಾರಥಾನ್‌ಗಂತೂ 1984ರವರೆಗೆ ಕಾಯಬೇಕಾಯಿತು. ಅದನ್ನು ಗೆದ್ದ ಜೋನ್ ಬೆನೊಯಿಟ್, 2019ರಲ್ಲಿ 61ನೆಯ ವಯಸ್ಸಿನಲ್ಲಿ ಬಾಸ್ಟನ್ನಿನಲ್ಲಿ 3 ಗಂಟೆ 4 ನಿಮಿಷಕ್ಕೆ ಓಡಿದಳು. ನಲವತ್ತು ವರ್ಷದ ಹಿಂದೆ ಅಲ್ಲಿಯೇ ಗೆದ್ದ ಸಮಯಕ್ಕಿಂತ ನಲವತ್ತು ನಿಮಿಷದೊಳಗೆ ಮುಗಿಸಬೇಕೆಂಬುದು ಅವಳ ಹಟ, ಮೂವತ್ತು ನಿಮಿಷದೊಳಗೇ ಮುಗಿಸಿದಳು. ನಿನ್ನ ಕಾಳಜಿಯನ್ನು ಆ ಅಧಿಕಾರಿಗಳ ಕಾಳಜಿಗೆ ಹೋಲಿಸುತ್ತಿಲ್ಲ. ಅದೇ ದನಿ ಬೇರೆ ಬಾಯಿಂದ ಬಂದಾಗ ನನಗೆ ಯಾಕೆ ರೇಗುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

ನಿನ್ನ ಭಯದಲ್ಲಿ ಹುರುಳಿಲ್ಲವೆಂದೂ ಅಲ್ಲ. ದಶಕಗಟ್ಟಲೆ ಕಠಿಣವಾಗಿ ಓಡಿದವರಲ್ಲಿ ಹೃದಯದ ಲಯ ತಪ್ಪುವ ತೊಂದರೆ, ಏಟ್ರಿಯಲ್ ಫಿಬ್ರಿಲೇಷನ್, ಉಳಿದವರಿಗಿಂತ ಹೆಚ್ಚು ಎಂಬುದು ಗಂಡಸರ ಮಟ್ಟಿಗಂತೂ ಗೊತ್ತಿರುವ ವಿಷಯ. ರಕ್ತನಾಳ ಕಟ್ಟಿಕೊಳ್ಳುವುದರಿಂದ ಓಟಗಾರರಿಗೆ ವಿನಾಯಿತಿಯೂ ಇಲ್ಲ. ಅದಕ್ಕೇ ಹೃದ್ರೋಗ ತಜ್ಞರ ಹತ್ತಿರ ಹೋಗಿ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಂಡೆ. ಮುಂದೆಯೂ ಮಾಡಿಸುತ್ತೇನೆ, ವರದಿಯನ್ನು ನಿನಗೂ ಕಳಿಸುತ್ತೇನೆ. ಎದೆ ಬಿಗಿದರೆ, ತಲೆ ಸುತ್ತಿದರೆ, ಎದೆಬಡಿತ ಅಡ್ಡಾದಿಡ್ಡಿಯಾದರೆ ಪದಕ ಕಣ್ಣೆದುರಿಗಿದ್ದರೂ ನಿಲ್ಲುತ್ತೇನೆ. ಜ್ವರದಲ್ಲಿ ಓಡುವುದಿಲ್ಲ. ನನ್ನ ಗಡಿಯಾರದಲ್ಲಿ 168 ನೋಡಿ ಗಾಬರಿಯಾದೆಯಲ್ಲ, ಅದಕ್ಕೊಂದು ಮಾತು. 220ರಿಂದ ವಯಸ್ಸು ಕಳೆಯುವ ಸೂತ್ರದಲ್ಲಿ ಅರವತ್ತಕ್ಕೆ ಗರಿಷ್ಠ ಎದೆಬಡಿತ 160 ಬರುತ್ತದೆ. ವಯಸ್ಸಿನ 0.7ರಷ್ಟನ್ನು 208ರಿಂದ ಕಳೆಯುವ ಇನ್ನೊಂದು ಸೂತ್ರದಲ್ಲಿ 166. ಎರಡೂ ಸರಾಸರಿಗಳು, ಒಬ್ಬೊಬ್ಬರದು ಹತ್ತು ಬಡಿತ ಆಚೀಚೆ ಇರುವುದು ಮಾಮೂಲು. ಪರೀಕ್ಷೆಯಲ್ಲಿ ನನ್ನದು 171ಕ್ಕೆ ಹೋಗಿತ್ತು, ವೈದ್ಯರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಇನ್ನು ಸಮಯದ ವಿಷಯ. ಹಳೆಯ ಸಮಯಗಳನ್ನು ನೋಡಿಕೊಂಡು ಅಳುತ್ತ ಕೂರುವ ಓಟಗಾರರನ್ನು ಕಂಡಿದ್ದೇನೆ, ನನಗೆ ಅದಕ್ಕೆ ಪುರುಸೊತ್ತಿಲ್ಲ. ನಮ್ಮಲ್ಲಿ ವಯೋಶ್ರೇಣಿ ಎಂಬ ಲೆಕ್ಕವಿದೆ. ನಿನ್ನ ವಯಸ್ಸಿನ, ನಿನ್ನ ಲಿಂಗದ ಜಗತ್ತಿನ ಅತ್ಯುತ್ತಮ ಸಮಯದ ಮಟ್ಟಕ್ಕೆ ನೀನು ಶೇಕಡಾ ಎಷ್ಟು ಹತ್ತಿರ ಎಂದು ಅದು ಹೇಳುತ್ತದೆ. 70 ದಾಟಿದರೆ ಪ್ರಾದೇಶಿಕ ಮಟ್ಟ, 80 ಎಂದರೆ ರಾಷ್ಟ್ರಮಟ್ಟ, 90 ಎಂದರೆ ವಿಶ್ವಮಟ್ಟ. ನಾನು ಈಗ ಐದು ಕಿಲೋಮೀಟರನ್ನು 25 ನಿಮಿಷದೊಳಗೆ ಓಡುತ್ತೇನೆ. ನಲವತ್ತೈದರಲ್ಲಿ ಇದಕ್ಕಿಂತ ಬೇಗ ಓಡುತ್ತಿದ್ದೆ, ಆದರೆ ಈ ಲೆಕ್ಕದಲ್ಲಿ ಈಗಿನದೇ ಮೇಲು. ನಿಧಾನವಾಗುತ್ತ ಮೇಲೇರುವುದು ಬೇರೆ ಯಾವ ಕೆಲಸದಲ್ಲಿ ಸಾಧ್ಯ?

ಮುಂದಿನದು ಅರ್ಧ ಮ್ಯಾರಥಾನ್. ಬರುತ್ತೇನೆಂದು ಹೇಳಿದ್ದೀಯ, ಬಾ. ಮುಕ್ತಾಯದ ಗೆರೆಯ ಹತ್ತಿರ ನಿಲ್ಲಬೇಡ, ಅಲ್ಲಿ ನನಗೆ ನಿನ್ನಿಂದ ಉಪಯೋಗವಿಲ್ಲ. 18ನೆಯ ಕಿಲೋಮೀಟರ್‌ನ ಆಚೆ ಒಂದು ಕಂಬವನ್ನೋ ಮರವನ್ನೋ ಗುರುತಿಟ್ಟುಕೊ. ಬೆನ್ನ ಮೇಲೆ 60 ಎಂದಿರುವ ಪ್ರತಿಯೊಬ್ಬರೂ ಅದನ್ನು ದಾಟಿದಾಗ ಮೊಬೈಲಿನ ಸ್ಟಾಪ್‌ವಾಚ್ ಹೊಸದಾಗಿ ಶುರುಮಾಡು. ನಾನು ಬಂದಾಗ "ಅಮ್ಮಾ, ಹುಷಾರು" ಎನ್ನಬೇಡ, "ಚೆನ್ನಾಗಿ ಓಡುತ್ತಿದ್ದೀಯ" ಎಂದೂ ಬೇಡ. ನನಗಿಂತ ಮುಂದೆ ಎಷ್ಟು ಜನ, ನನ್ನ ಮುಂದಿನವಳು ಎಷ್ಟು ಸೆಕೆಂಡು ದೂರ, ಈ ಎರಡನ್ನು ಗಟ್ಟಿಯಾಗಿ ಕೂಗು. ಬಲಭುಜ ಎತ್ತಿಕೊಂಡು ಓಡುವವಳು ಕಂಡರೆ ಅವಳದನ್ನು ಬೇರೆಯಾಗಿ ಹೇಳು.

ನಿನ್ನ
ಅಮ್ಮ