ವಿಂಧ್ಯಗಿರಿ ಯಾತ್ರೆ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರದ ಶ್ರವಣಬೆಳಗೊಳ ಯಾತ್ರೆಗೆ ಹೆಸರು ಕೊಟ್ಟಿರುವವರೆಲ್ಲರೂ ಬೆಳಿಗ್ಗೆ 7 ಗಂಟೆಯೊಳಗೆ ವಿಂಧ್ಯಗಿರಿಯ ಬುಡದಲ್ಲಿ ಸೇರಬೇಕೆಂದು ವಿನಂತಿ. ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಚಪ್ಪಲಿಯಿಲ್ಲದೆ ಹತ್ತಬೇಕಾಗಿದ್ದು, ಬಿಸಿಲೇರಿ ಬಂಡೆ ಕಾದರೆ ಮನಸ್ಸೆಲ್ಲ ಅಂಗಾಲಿನಲ್ಲೇ ಇರುತ್ತದೆ.

ಕಳೆದ ಸಲ ಮೇಲೆ ತಲುಪಿದೊಡನೆ ಫೋಟೊ ತೆಗೆಯುವ ಗಡಿಬಿಡಿಯಲ್ಲಿ, 58 ಅಡಿ ಎತ್ತರದ ಗೊಮ್ಮಟನನ್ನು ನಾವ್ಯಾರೂ (ನಾನೂ ಸೇರಿ) ನೆಟ್ಟಗೆ ನೋಡಲಿಲ್ಲ. ಆದ್ದರಿಂದ ಈ ಬಾರಿ ಹತ್ತುವಾಗ ಹರಟೆ ಬೇಡ, ಮೇಲೆ ಹೋದ ಮೇಲೂ ಮೊದಲ ಅರ್ಧ ಗಂಟೆ ಮೊಬೈಲ್ ಚೀಲದಲ್ಲೇ ಇರಲಿ. ಪಾದದ ಬಳಿ ಕೊರೆದಿರುವ ‘ಶ್ರೀ ಚಾವುಂಡರಾಜಂ ಮಾಡಿಸಿದಂ’ ಎಂಬ ಸಾಲನ್ನು ನಿಧಾನವಾಗಿ ಓದಿ, ಸುಮ್ಮನೆ ಕುಳಿತಿರೋಣ.

ಮಂಡಿನೋವಿರುವ ಹಿರಿಯರಿಗೆ ಡೋಲಿ ಗೊತ್ತುಮಾಡಬೇಕಿರುವುದರಿಂದ ಅಂಥವರೂ, ಬರಲಾಗದವರೂ ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಬೇಕು. ಕುಡಿಯುವ ನೀರನ್ನು ತಪ್ಪದೆ ತನ್ನಿ.