ಈಥರ್ ಇದೆ ಅಂತ ಮೈಕಿನಲ್ಲಿ ಹೇಳಿಬಿಟ್ಟರೆ ಆಯಿತೇ?

ಸಂಪಾದಕರೇ,

ಭಾನುವಾರದ ವಿಜ್ಞಾನ ಕಾರ್ಯಕ್ರಮದ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ‘ಈಥರ್ ಇದೆ, ಐನ್‌ಸ್ಟೀನ್ ಕೂಡ ಒಪ್ಪಿದ್ದರು, ಬೆಳಕಿನ ವೇಗ ಸ್ಥಿರ ಅನ್ನೋದು ಸುಳ್ಳು’ ಎಂದು ಅತಿಥಿಗಳು ಹೇಳಿದ್ದನ್ನು ದಪ್ಪಕ್ಷರದಲ್ಲಿ ಹಾಕಿದ್ದೀರಿ. ಈಥರ್ ಅಂದರೆ ಬೆಳಕನ್ನು ಹೊತ್ತು ಸಾಗಿಸುತ್ತದೆ ಅಂತ ಹಿಂದೆ ನಂಬಿದ್ದ ವಸ್ತು. ವರದಿ ಹಾಕುವ ಮೊದಲು ಒಬ್ಬ ಫಿಸಿಕ್ಸ್ ಮೇಷ್ಟ್ರನ್ನಾದರೂ ಕೇಳಬಾರದಿತ್ತೇ? ನಮ್ಮೂರಲ್ಲೇ ಪಿಯು ಕಾಲೇಜು ಇದೆಯಲ್ಲ!

ಅಂಗಡಿ ಬಾಗಿಲು ಹಾಕಿಕೊಂಡು ಮಗಳನ್ನು ಕರೆದುಕೊಂಡು ನಾನೂ ಹೋಗಿದ್ದೆ. ಹತ್ತು ಗಂಟೆಗೆ ಅಂದದ್ದು, ಶಿಕ್ಷಣ ಇಲಾಖೆಯ ಸಾಹೇಬರು ಬಂದು ದೀಪ ಹಚ್ಚುವಾಗ ಹನ್ನೆರಡಾಗಿತ್ತು. ಕುಡಿಯಲು ನೀರಿಲ್ಲ, ಫ್ಯಾನ್ ತಿರುಗಲ್ಲ, ಹಾರ ಶಾಲು ಮುಗಿಯುವುದೇ ಇಲ್ಲ. ಹಸಿದ ಮಕ್ಕಳನ್ನು ಕೂರಿಸಿಕೊಂಡು ಕೇಳಿಸಿದ್ದು ಈ ಭಾಷಣ. ಮಗಳು ಎದ್ದು, ‘ಸಾರ್, ಮೈಕೆಲ್ಸನ್ ಪ್ರಯೋಗದಲ್ಲಿ ಈಥರ್ ಸಿಗಲೇ ಇಲ್ಲ ಅಂತ ಓದಿದ್ದೀನಿ’ ಅಂದಳು. ‘ಕೂತ್ಕೊಳಮ್ಮ, ಪ್ರಶ್ನೆ ಆಮೇಲೆ’ ಅಂದರು. ಆಮೇಲೆ ನೇರ ವಂದನಾರ್ಪಣೆಗೆ ಹೋದರು.

ಅವಳು ಕೇಳಿದ್ದರಲ್ಲಿ ತಪ್ಪೇನಿದೆ? ಶಬ್ದಕ್ಕೆ ಗಾಳಿ ಬೇಕಾದ ಹಾಗೆ ಬೆಳಕಿಗೂ ಏನೋ ಒಂದು ಬೇಕು ಅಂತ 19ನೇ ಶತಮಾನದವರು ನಂಬಿದ್ದರು. ಅದಕ್ಕೇ ಈಥರ್ ಅಂದರು. ಅದು ಇದ್ದರೆ, ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಓಡುವ ಭೂಮಿಗೆ ಅದು ಎದುರುಗಾಳಿಯ ಹಾಗೆ ಬಡಿಯಬೇಕು. 1887ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಅನ್ನುವ ವಿಜ್ಞಾನಿಗಳು ಅದನ್ನೇ ಹುಡುಕಿದರು. ಪಾದರಸದ ಮೇಲೆ ತೇಲುವ ದೊಡ್ಡ ಕಲ್ಲುಚಪ್ಪಡಿ, ಅದರ ಮೇಲೆ ಕನ್ನಡಿಗಳು. ಒಂದು ಬೆಳಕನ್ನು ಎರಡಾಗಿ ಒಡೆದು, ಒಂದಕ್ಕೊಂದು ಅಡ್ಡವಾಗಿ ಓಡಿಸಿ, ಮತ್ತೆ ಕೂಡಿಸಿ, ಆಗ ಕಾಣುವ ಪಟ್ಟೆಗಳನ್ನು ನೋಡುತ್ತಾ ಕಲ್ಲನ್ನು ಮೆಲ್ಲಗೆ ತಿರುಗಿಸಿದರು. ಈಥರ್ ಇದ್ದಿದ್ದರೆ ಒಂದು ದಾರಿಯ ಬೆಳಕು ತಡವಾಗಿ, ಪಟ್ಟೆಗಳು ಒಂದು ಪಟ್ಟೆಯ 0.4ರಷ್ಟು ಜರುಗಬೇಕಿತ್ತು. ಅದರ ಇಪ್ಪತ್ತರಲ್ಲಿ ಒಂದು ಪಾಲೂ ಜರುಗಲಿಲ್ಲ.

ವೇಗ ಸ್ಥಿರ ಯಾಕೆ ಅಂತ ಮಕ್ಕಳಿಗೆ ಹೇಳಬಹುದಿತ್ತು. ವಿದ್ಯುತ್ತು ಮತ್ತು ಕಾಂತದ ನಿಯಮಗಳಿಂದಲೇ ಬೆಳಕಿನ ವೇಗ ಬರುತ್ತದೆ ಅಂತ ಮ್ಯಾಕ್ಸ್‌ವೆಲ್ 1860ರ ದಶಕದಲ್ಲೇ ತೋರಿಸಿದ್ದರು. ಆ ನಿಯಮ ನಿಂತವನಿಗೂ ಓಡುವವನಿಗೂ ಒಂದೇ ಆದರೆ ವೇಗವೂ ಒಂದೇ ಇರಬೇಕು, ಬದಲಾಗುವುದು ಕಾಲ ಮತ್ತು ಉದ್ದದ ಅಳತೆ. 1905ರಲ್ಲಿ ಐನ್‌ಸ್ಟೀನ್ ಹೇಳಿದ್ದು ಇದನ್ನೇ. ಈ ವೇಗ ಖಾಲಿ ಜಾಗದಲ್ಲಿ ಸೆಕೆಂಡಿಗೆ 2,99,792 ಕಿಲೋಮೀಟರ್ ಚಿಲ್ಲರೆ. ಗಾಜಿನಲ್ಲಿ, ನೀರಿನಲ್ಲಿ ಬೆಳಕು ನಿಧಾನವಾಗುತ್ತದೆ, ನಿಜ. ಆದರೆ ಸ್ಥಿರ ಅನ್ನುವುದು ಖಾಲಿ ಜಾಗದ ವೇಗವನ್ನು. ಅತಿಥಿಗಳು ಅದನ್ನೇ ಹಿಡಿದು ‘ನೋಡಿ, ಬದಲಾಯ್ತಲ್ಲ’ ಅಂದರು! ಐನ್‌ಸ್ಟೀನ್ 1920ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಮಾಡಿದ ಭಾಷಣದಲ್ಲಿ ಈಥರ್ ಅನ್ನುವ ಮಾತು ಬಳಸಿದ್ದೂ ನಿಜ. ಆದರೆ ಚಲಿಸುತ್ತದೆ ಅಥವಾ ನಿಂತಿದೆ ಅಂತ ಹೇಳಲು ಬರುವ ವಸ್ತು ಅದಲ್ಲ ಅಂತಲೂ ಅದೇ ಭಾಷಣದಲ್ಲಿ ಹೇಳಿದ್ದರು. ಅರ್ಧ ಮಾತ್ರ ಓದಿ ಹೇಳುವುದು ಮಕ್ಕಳಿಗೆ ಮಾಡುವ ಮೋಸ.

ಇಷ್ಟಕ್ಕೂ ವೇದಿಕೆ ಮೇಲಿದ್ದ ಶಿಕ್ಷಣ ಇಲಾಖೆಯ ಅಧಿಕಾರಿ ತಲೆ ಆಡಿಸಿ ಚಪ್ಪಾಳೆ ತಟ್ಟಿದರು. ಇದೇ ಸಾಹೇಬರ ಹತ್ತಿರ ಹೈಸ್ಕೂಲಿನ ಲ್ಯಾಬ್ ಬೀಗ ತೆಗೆಸಿ ಅಂತ ಹೋದರೆ ‘ಮೇಲಿಂದ ಆದೇಶ ಬರಬೇಕು’ ಅನ್ನುತ್ತಾರೆ. ಶಾಲೆಗೆ ಕೊಟ್ಟ ದೂರದರ್ಶಕ ಪೆಟ್ಟಿಗೆಯಲ್ಲೇ ಇದೆ, ಅದರ ಮೇಲೆ ಹಳೇ ಉತ್ತರಪತ್ರಿಕೆಗಳ ಕಟ್ಟು. ವಿಜ್ಞಾನದ ಮೇಷ್ಟ್ರನ್ನು ಒಂದಲ್ಲ ಒಂದು ಸರ್ವೆಗೆ ಕಳಿಸುತ್ತಾರೆ. ಶೌಚಾಲಯದ ಬಾಗಿಲು ರಿಪೇರಿಗೂ ಇದೇ ಉತ್ತರ. ಹಾರ ಹಾಕಿಸಿಕೊಳ್ಳಲು ಮಾತ್ರ ಯಾವ ಆದೇಶವೂ ಬೇಕಾಗಿಲ್ಲ.

ವರದಿ ತಪ್ಪು ಅಂತ ನಾಳೆಯೇ ಅಷ್ಟೇ ದಪ್ಪಕ್ಷರದಲ್ಲಿ ಹಾಕಿ. ಇಲಾಖೆಯವರು ಲ್ಯಾಬ್ ತೆರೆಯಲಿ, ಇಲ್ಲವಾದರೆ ಇಂಥ ಕಾರ್ಯಕ್ರಮಕ್ಕೆ ಮಕ್ಕಳನ್ನು ಕರೆಯುವುದನ್ನೇ ನಿಲ್ಲಿಸಲಿ. ಯಾರಾದರೂ ಏನಾದರೂ ಮಾಡಿ. ತಿಂಗಳು ತಿಂಗಳು ಸಂಬಳ ತಗೊಳ್ಳೋರಿಗೆ ಇಷ್ಟೂ ಆಗಲ್ವಾ?

- ಒಬ್ಬ ಪೋಷಕ